ರಾಗಿ ಬಿಸ್ಕತ್ತು ಹುಡುಕೋದು ಬಿಡಿ, ರಾತ್ರಿ ಕಾಳು ನೆನೆಹಾಕಿ

ಪ್ಯಾಕೆಟ್ ತಿಂಡಿ ಬಿಡಬೇಕು, ಆದರೆ ಸಂಜೆ ಆಫೀಸಿನಿಂದ ಬಂದಾಗ ಹಸಿವು ತಡೆಯೋಕಾಗಲ್ಲ, ಮೈದಾ ಬಿಸ್ಕತ್ತಿನ ಬದಲು ಯಾವ ಕಂಪನಿಯ ರಾಗಿ ಬಿಸ್ಕತ್ತು, ಮಲ್ಟಿಗ್ರೇನ್ ಬ್ರೆಡ್ ತರಲಿ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದು ಅಂಗಡಿ ಸುತ್ತಿದವನೇ. ಯಾವ ಕಂಪನಿಯದೂ ಬೇಡ.

ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. ತೂಕದಲ್ಲಿ ಹೆಚ್ಚಿರೋ ಪದಾರ್ಥ ಮೊದಲು ಬರೆಯಬೇಕು ಅನ್ನೋದು ನಿಯಮ. ಎಷ್ಟೋ ರಾಗಿ ಬಿಸ್ಕತ್ತುಗಳಲ್ಲಿ ಮೊದಲ ಹೆಸರು 'ರಿಫೈನ್ಡ್ ವೀಟ್ ಫ್ಲೋರ್', ಅಂದರೆ ಮೈದಾನೇ. ಆಮೇಲೆ ಸಕ್ಕರೆ, ಪಾಮ್ ಆಯಿಲ್. ರಾಗಿ ಎಷ್ಟು ಶೇಕಡಾ ಅನ್ನೋದು ಅಲ್ಲೇ ಸಣ್ಣಕ್ಷರದಲ್ಲಿರುತ್ತೆ, ನೋಡಿದರೆ ನಗು ಬರುತ್ತೆ. ಬ್ರೌನ್ ಬ್ರೆಡ್ಡಿನ ಬಣ್ಣ ಎಷ್ಟೋ ಸಲ ಕ್ಯಾರಮೆಲ್ಲಿನದು. 'ಸಕ್ಕರೆ ಸೇರಿಸಿಲ್ಲ' ಅಂತಿದ್ದರೆ ಮಾಲ್ಟೋಡೆಕ್ಸ್‌ಟ್ರಿನ್ ಇದೆಯಾ ಹುಡುಕಿ, ಅದು ಪಿಷ್ಟದಿಂದ ಮಾಡಿದ ಪುಡಿ, ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತೆ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

ಪ್ಯಾಕೆಟ್ಟಿಗೆ ಪ್ಯಾಕೆಟ್ಟೇ ಬದಲಿ ಅಂದುಕೊಳ್ಳೋದರಲ್ಲೇ ಕೆಡೋದು. 2019ರಲ್ಲಿ ಅಮೆರಿಕದಲ್ಲಿ ಸಂಶೋಧಕ ಕೆವಿನ್ ಹಾಲ್ ತಂಡ 20 ಜನರಿಗೆ ಎರಡು ವಾರ ಕಾರ್ಖಾನೆ ಆಹಾರ, ಎರಡು ವಾರ ಮನೆ ಅಡುಗೆಯಂಥದ್ದು ಕೊಟ್ಟು ನೋಡಿತು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡೂ ಕಡೆ ಸರಿಸುಮಾರು ಸಮ, ಬೇಕಾದಷ್ಟು ತಿನ್ನಬಹುದಿತ್ತು. ಕಾರ್ಖಾನೆ ಆಹಾರ ತಿಂದಾಗ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ಹೊಟ್ಟೆ ಸೇರಿತು, ತಿನ್ನೋ ವೇಗವೂ ಹೆಚ್ಚಿತ್ತು. ಬಿಸ್ಕತ್ತು ಟೀಯಲ್ಲಿ ಅದ್ದಿದರೆ ಅಗಿಯೋ ಕೆಲಸವೇ ಇಲ್ಲ. ರಾಗಿ ಬಿಸ್ಕತ್ತಾದರೂ ಅಷ್ಟೇ, ಮೇಲಿಂದ 'ಒಳ್ಳೇದು ತಾನೆ' ಅಂತ ಇನ್ನೆರಡು ಹೋಗುತ್ತೆ.

ಸಂಜೆ ಹಸಿವಿಗೆ ಉಸಲಿ ಮಾಡಿ. ಮೂವರಿಗೆ ಮುಕ್ಕಾಲು ಲೋಟ ಹೆಸರುಕಾಳು, ರಾತ್ರಿ ಮಲಗೋ ಮುಂಚೆ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ಕಾಳು ಮುಳುಗಿ ಮೇಲೆ ಎರಡು ಬೆರಳು ನಿಲ್ಲೋಷ್ಟು ಹೊಸ ನೀರು ಹಾಕಿ ಕುಕ್ಕರಿನಲ್ಲಿ ಒಂದೇ ವಿಷಲ್. ಎರಡಾದರೆ ಸಿಪ್ಪೆ ಬಿಟ್ಟು ಮುದ್ದೆಯಾಗುತ್ತೆ. ಆವಿ ಇಳಿದ ತಕ್ಷಣ ಬಸಿಯಿರಿ, ಬಿಸಿನೀರಲ್ಲೇ ಬಿಟ್ಟರೆ ಕಾಳು ಬೇಯ್ತಾನೇ ಇರುತ್ತೆ. ಬಸಿದ ಕಟ್ಟು ಚೆಲ್ಲಬೇಡಿ, ರಾತ್ರಿಯ ಬಸ್ಸಾರಿಗೆ ಆಗುತ್ತೆ. ಎರಡನ್ನೂ ಫ್ರಿಜ್ಜಿನಲ್ಲಿಟ್ಟು ಹೋಗಿ. ಸಂಜೆ ಎರಡು ಚಮಚ ಎಣ್ಣೆ, ಸಾಸಿವೆ, ಇಂಗು, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆಗೆ ಕಾಳು ಹಾಕಿ, ಉಪ್ಪು ಆಗಲೇ ಹಾಕಿ, ಇಳಿಸಿ ಕಾಯಿತುರಿ, ನಿಂಬೆರಸ. ಐದು ನಿಮಿಷದ ಕೆಲಸ. ಕಡಲೆಕಾಳಾದರೆ ಹತ್ತು ಗಂಟೆ ನೆನೆಯಬೇಕು, ನಾಲ್ಕೈದು ವಿಷಲ್ ಬೇಕು. ನೆನೆಹಾಕೋದು ಮರೆತ ದಿನಕ್ಕೆ ಹುರಿಗಡಲೆ, ಕಡಲೆಬೀಜ ಡಬ್ಬದಲ್ಲಿರಲಿ.

ಇನ್ನೊಂದು. 'ಸಂಸ್ಕರಿಸಿದ್ದೆಲ್ಲ ಬಿಡ್ತೀನಿ' ಅಂತ ಬರೆದಿದ್ದೀರಲ್ಲ, ಅದು ಬೇಡ. ಅವಲಕ್ಕಿ, ರವೆ, ಮೊಸರು, ಹುರಿಹಿಟ್ಟು ಎಲ್ಲ ಸಂಸ್ಕರಿಸಿದ್ದೇ. ಅಂಗಡಿಯ ದೋಸೆಹಿಟ್ಟು ಕೂಡ ಅಕ್ಕಿ, ಉದ್ದು, ಮೆಂತ್ಯ, ನೀರು, ಉಪ್ಪು ಇಷ್ಟೇ ಇದ್ದರೆ ಧೈರ್ಯವಾಗಿ ತನ್ನಿ. ಬ್ರೆಜಿಲ್‌ನ ಸಂಶೋಧಕ ಕಾರ್ಲೋಸ್ ಮೊಂಟೆರೊ ತಂಡದ ನೋವಾ ವಿಂಗಡಣೆ ಸಂಸ್ಕರಣೆ ನೋಡಿ ಆಹಾರವನ್ನು ನಾಲ್ಕು ಗುಂಪು ಮಾಡುತ್ತೆ. ಅದರಲ್ಲಿ ದೂರವಿಡಬೇಕಾದ್ದು ನಾಲ್ಕನೇ ಗುಂಪು ಮಾತ್ರ: ಎಮಲ್ಸಿಫೈಯರ್ (ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡೋದು), ಫ್ಲೇವರ್, ಬಣ್ಣ, ಹೀಗೆ ನಮ್ಮ ಅಡುಗೆಮನೆಯಲ್ಲಿ ಇರದ ಪದಾರ್ಥ ಸೇರಿಸಿದ್ದು.

ಮಕ್ಕಳು ನೂಡಲ್ಸ್ ಬಿಡಲ್ಲ ಅಂದರೆ ಜಗಳ ಬೇಡ. ಉಪ್ಪಿನ ದೊಡ್ಡ ಪಾಲು ಮಸಾಲೆ ಪೊಟ್ಟಣದಲ್ಲಿರುತ್ತೆ. ಅರ್ಧ ಹಾಕಿ, ಒಂದು ಹಿಡಿ ಬಟಾಣಿ, ಕ್ಯಾರೆಟ್ ಸೇರಿಸಿ, ಬೆಂದ ನೀರು ಬಸಿದು ಆಮೇಲೆ ಮಸಾಲೆ ಕಲಸಿ.