ಕುಗ್ಗಿದ ಮನಸ್ಸಿಗೆ ಯಾವ ಹಾಡು?

ಮನಸ್ಸು ಕುಗ್ಗಿದಾಗ ಕೇಳಲು ಲವಲವಿಕೆಯ ಜನಪ್ರಿಯ ಹಾಡುಗಳನ್ನು ಸೂಚಿಸಿ ಎಂದು ಕೇಳಿದ್ದೀರಿ. ಅವುಗಳಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂಬ ಅನುಮಾನವನ್ನೂ ವ್ಯಕ್ತಪಡಿಸಿದ್ದೀರಿ. ಪ್ರಯೋಜನವಿದೆ ಎಂಬುದು ನನ್ನ ಅನುಭವ. ಆದರೆ ಹಾಡಿನ ಸಾಹಿತ್ಯ ಎಷ್ಟು ಸಂತೋಷದ್ದು ಎಂಬುದಕ್ಕಿಂತ ಅದರ ಲಯ ಮೈಯನ್ನು ಹೇಗೆ ಹಿಡಿಯುತ್ತದೆ ಎಂಬುದೇ ಇಲ್ಲಿ ಮುಖ್ಯ.

ನಾನು ಮೊದಲು ಹೆಸರಿಸುವುದು ಅರ್ಥ್, ವಿಂಡ್ ಅಂಡ್ ಫೈರ್ ತಂಡದ 1978ರ ‘ಸೆಪ್ಟೆಂಬರ್’ ಹಾಡನ್ನು. ಅದರ ಪಲ್ಲವಿಯಲ್ಲಿ ಮತ್ತೆ ಮತ್ತೆ ಬರುವ ‘ಬಾ ಡಿ ಯಾ’ ಎಂಬುದಕ್ಕೆ ಯಾವ ಅರ್ಥವೂ ಇಲ್ಲ. ಹಾಡಿನ ರಚನೆಯಲ್ಲಿ ಪಾಲುಗೊಂಡಿದ್ದ ಆಲಿ ವಿಲ್ಲಿಸ್ ಅದರ ಬದಲು ನಿಜವಾದ ಪದಗಳನ್ನು ಹಾಕೋಣವೆಂದು ಎಷ್ಟು ಕೇಳಿಕೊಂಡರೂ ತಂಡದ ಮಾರಿಸ್ ವೈಟ್ ಒಪ್ಪಲಿಲ್ಲ. ಅವರು ಒಪ್ಪದಿದ್ದುದೇ ಒಳ್ಳೆಯದಾಯಿತು, ಏಕೆಂದರೆ ಭಾಷೆ ಬಾರದವರೂ ಎರಡನೆಯ ಸುತ್ತಿಗೆ ಆ ಸಾಲಿಗೆ ದನಿಗೂಡಿಸಬಲ್ಲರು.

ಪಾಶ್ಚಾತ್ಯ ಸಂಗೀತದ ಎರಡು ಮುಖ್ಯ ಸ್ವರಶ್ರೇಣಿಗಳಲ್ಲಿ ಮೇಜರ್ ಸ್ವರಶ್ರೇಣಿಯ ಹಾಡು ಸಂತೋಷದ್ದು, ಮೈನರ್ ಸ್ವರಶ್ರೇಣಿಯದು ದುಃಖದ್ದು ಎಂಬ ಮಾತನ್ನು ನಾನೂ ಬಹುಕಾಲ ನಂಬಿದ್ದೆ. ಬೀ ಜೀಸ್ ತಂಡದ 1977ರ ‘ಸ್ಟೇಯಿಂಗ್ ಅಲೈವ್’ ಮೈನರ್‌ನಲ್ಲೇ ಇದೆ; ಆದರೂ ಅದನ್ನು ಕೇಳಿ ಕಾಲು ಕುಣಿಸದೆ ಕೂರುವುದು ಕಷ್ಟ. ನಿಮಿಷಕ್ಕೆ ಸುಮಾರು 103 ಬಡಿತಗಳ ಅದರ ವೇಗ, ಹೃದಯ ನಿಂತವರ ಎದೆಯನ್ನು ಒತ್ತಬೇಕಾದ 100ರಿಂದ 120ರ ಮಿತಿಯೊಳಗೇ ಬರುವುದರಿಂದ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲೂ ಈ ಹಾಡನ್ನು ಬಳಸುತ್ತಾರೆ. ಇನ್ನೂ ಚುರುಕಾದದ್ದು ಬೇಕಿದ್ದರೆ ಫ್ಯಾರೆಲ್ ವಿಲಿಯಮ್ಸ್ ಅವರ 2013ರ ‘ಹ್ಯಾಪಿ’ ಇದೆ. ಅದರ ವೇಗ ನಿಮಿಷಕ್ಕೆ ಸುಮಾರು 160 ಬಡಿತ, ಮತ್ತು ಅದರೊಳಗಿನ ಚಪ್ಪಾಳೆ ಕೇಳುಗನ ಕೈಯನ್ನೂ ಎಳೆದುಕೊಳ್ಳುತ್ತದೆ.

ಇಷ್ಟಾದರೂ, ತೀರಾ ಕುಗ್ಗಿರುವಾಗ ನೇರವಾಗಿ ಅಂಥ ಹಾಡನ್ನು ಹಾಕಬೇಡಿ. ಒಮ್ಮೆ ಹಲವು ದಿನ ಹಾಸಿಗೆಯಿಂದ ಏಳಲೂ ಮನಸ್ಸಿಲ್ಲದೆ ಬಿದ್ದಿದ್ದಾಗ ನಾನು ಹಾಗೆ ಮಾಡಿದೆ. ಆ ಗದ್ದಲದ ಸಂಭ್ರಮ ಯಾರೋ ನನ್ನ ನೋವನ್ನು ತಳ್ಳಿಹಾಕಿದಂತೆ ಕೇಳಿಸಿ, ಅರ್ಧ ನಿಮಿಷಕ್ಕೇ ನಿಲ್ಲಿಸಿಬಿಟ್ಟೆ. ಕೇಳುಗನ ಈಗಿನ ಮನಃಸ್ಥಿತಿಗೆ ಹೊಂದುವ ಸಂಗೀತದಿಂದ ಆರಂಭಿಸಿ, ಅಲ್ಲಿಂದ ಮೆಲ್ಲಮೆಲ್ಲನೆ ಬೇಕಾದ ಭಾವದ ಕಡೆಗೆ ಕರೆದೊಯ್ಯುವ ಪದ್ಧತಿ ಸಂಗೀತ ಚಿಕಿತ್ಸೆಯಲ್ಲಿ ಇದೆ ಎಂದು ಆಮೇಲೆ ತಿಳಿಯಿತು. ಈಗ ನಾನು ಮೊದಲು ನಿಧಾನದ ಒಂದು ಹಾಡನ್ನು ಪೂರ್ತಿ ಕೇಳುತ್ತೇನೆ. ಅದಾದ ಮೇಲೆ ಬಾಬಿ ಮೆಕ್‌ಫೆರಿನ್ ಅವರ 1988ರ ‘ಡೋಂಟ್ ವರಿ, ಬಿ ಹ್ಯಾಪಿ’. ಅದರಲ್ಲಿ ಒಂದು ವಾದ್ಯವೂ ಇಲ್ಲ. ಶಿಳ್ಳೆ ಸೇರಿ ಕೇಳುವ ಸದ್ದೆಲ್ಲ ಅವರೊಬ್ಬರದೇ ಆದ್ದರಿಂದ, ಪಕ್ಕದಲ್ಲಿ ಕುಳಿತ ಮನುಷ್ಯನೊಬ್ಬ ಗುನುಗಿದಂತೆ ಅನಿಸುತ್ತದೆ.

ಪರಿಚಿತ ಹಾಡನ್ನೇ ಆರಿಸಿಕೊಳ್ಳಲು ಹಿಂಜರಿಯಬೇಡಿ. ಸಂಗೀತದಿಂದ ಪುಳಕಗೊಳ್ಳುವವರ ಮಿದುಳಿನಲ್ಲಿ ಆ ಕ್ಷಣದಲ್ಲಷ್ಟೇ ಅಲ್ಲ, ಅದಕ್ಕಾಗಿ ಕಾಯುವಾಗಲೂ ಸುಖದ ಅನುಭವಕ್ಕೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದರು. ಪಲ್ಲವಿ ಇನ್ನೇನು ಬಂತು ಎಂದು ಮೊದಲೇ ಗೊತ್ತಿರುವಾಗ ಆ ಕಾಯುವಿಕೆಯೇ ಒಂದು ಸುಖ. ‘ಸೆಪ್ಟೆಂಬರ್’ ಹಾಡಿನ ಆರಂಭದ ಗಿಟಾರ್ ಕೇಳುತ್ತಿದ್ದಂತೆಯೇ ನನಗೆ ಹಾಗಾಗುತ್ತದೆ. ಹಾಡುಗಾರ ಬಾಯಿ ತೆರೆಯುವ ಮುಂಚೆಯೇ ನಾನು ಎದ್ದು ನಿಂತಿರುತ್ತೇನೆ.