ಕಾಫಿ ಬೆಳೆಗಾರ ಗಣತಿಯಲ್ಲಿ ‘ಇತರೆ ಕೆಲಸಗಾರ’ ಏಕೆ?

ಮೂಡಿಗೆರೆ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: “ನನಗೆ ನಾಲ್ಕು ಎಕರೆ ಕಾಫಿ ತೋಟ, ಒಂದು ಎಕರೆ ಗದ್ದೆ ಇದೆ. ಅಜ್ಜನ ಕಾಲದಿಂದ ರೈತರು. ಆದರೆ ಜನಗಣತಿಯ ಲೆಕ್ಕದಲ್ಲಿ ನಮ್ಮಂಥವರು ಸಾಗುವಳಿದಾರರ ಸಾಲಿನಲ್ಲಿಲ್ಲ, ‘ಇತರೆ ಕೆಲಸಗಾರ’ರ ಸಾಲಿನಲ್ಲಿದ್ದಾರೆ ಎಂದು ತಿಳಿದು ಬೇಸರವಾಯಿತು. ಇದು ಗಣತಿದಾರರ ಎಡವಟ್ಟೇ? ಹೆಂಡತಿ ಹಸು ಸಾಕಿ ಡೇರಿಗೆ ಹಾಲು ಹಾಕುತ್ತಾಳೆ, ಮಗ ಪಿಕಪ್ ಓಡಿಸುತ್ತಾನೆ. ಮುಂದಿನ ಗಣತಿಯಲ್ಲಿ ನಮ್ಮ ಉದ್ಯೋಗ ಏನೆಂದು ಹೇಳಬೇಕು? ‘ಇತರೆ’ ಎಂದಾದರೆ ರೈತರ ಸೌಲಭ್ಯ ತಪ್ಪುತ್ತದೆಯೇ?”

ಸಂಪಾದಕರ ಉತ್ತರ

ಗಣತಿದಾರರ ಎಡವಟ್ಟಲ್ಲ, ನಿಯಮವೇ ಹಾಗಿದೆ. 2011ರ ಗಣತಿ ದುಡಿಯುವವರನ್ನೆಲ್ಲ ನಾಲ್ಕು ಗುಂಪು ಮಾಡಿತು: ಸಾಗುವಳಿದಾರರು, ಕೃಷಿ ಕೂಲಿಕಾರರು, ಗೃಹ ಕೈಗಾರಿಕೆಯವರು, ಇತರೆ ಕೆಲಸಗಾರರು. ‘ಸಾಗುವಳಿ’ ಎಂಬುದರೊಳಗೆ ಭತ್ತ, ರಾಗಿ, ಜೋಳ, ಬೇಳೆಕಾಳು, ಕಬ್ಬು, ಹೊಗೆಸೊಪ್ಪು, ಹತ್ತಿ, ತರಕಾರಿ, ಹಣ್ಣು ಎಲ್ಲ ಬರುತ್ತವೆ. ಚಹಾ, ಕಾಫಿ, ರಬ್ಬರ್, ತೆಂಗು, ಅಡಿಕೆ ಈ ಐದನ್ನು ಮಾತ್ರ ಹೆಸರು ಹಿಡಿದು ಹೊರಗಿಟ್ಟಿದ್ದಾರೆ. ಹಾಗಾಗಿ ಹಾಸನದ ಆಲೂಗೆಡ್ಡೆ ಬೆಳೆಗಾರ ಸಾಗುವಳಿದಾರ. ಅರಸೀಕೆರೆಯ ತೆಂಗಿನ ತೋಟದವರು, ಕೊಪ್ಪದ ಅಡಿಕೆಯವರು, ಸಕಲೇಶಪುರ–ಮೂಡಿಗೆರೆಯ ಕಾಫಿಯವರು ‘ಇತರೆ’. ತೋಟದ ಮಾಲೀಕರಿಗೂ, ಅದೇ ತೋಟದಲ್ಲಿ ಹಣ್ಣು ಕುಯ್ಯುವ ಆಳಿಗೂ ಇದೇ ನಿಯಮ. ಆಳು ‘ಕೃಷಿ ಕೂಲಿ’ಗೆ ಸೇರುವುದಿಲ್ಲ, ತೋಟದ ಕಾರ್ಮಿಕರಾಗಿ ಅವರೂ ‘ಇತರೆ’ಗೇ ಬರುತ್ತಾರೆ. ಮಲೆನಾಡಿನ ತಾಲ್ಲೂಕುಗಳ ಕೋಷ್ಟಕ ನೋಡಿ “ಇಲ್ಲಿ ಬೇಸಾಯವೇ ಕಡಿಮೆ” ಎಂದು ಬರೆಯುವವರು ಈ ಐದು ಬೆಳೆಗಳ ಸಾಲನ್ನು ಮೊದಲು ಓದಬೇಕು.

ನಿಮ್ಮ ಹಾಗೆ ಗದ್ದೆಯೂ ತೋಟವೂ ಇರುವವರದು ಯಾವ ಗುಂಪು? ಆದಾಯ ಎಷ್ಟು, ಎಕರೆ ಎಷ್ಟು ಎಂಬುದು ಲೆಕ್ಕಕ್ಕಿಲ್ಲ. ಹಿಂದಿನ ಒಂದು ವರ್ಷದಲ್ಲಿ ಯಾವ ಕೆಲಸಕ್ಕೆ ಹೆಚ್ಚು ಸಮಯ ಹೋಯಿತು ಎಂಬುದೇ ಅಳತೆ. ಮರಗಸಿ (ನೆರಳು ಮರಗಳ ಕೊಂಬೆ ಸವರುವುದು), ಚಿಗುರು ತೆಗೆಯುವುದು, ಗೊಬ್ಬರ, ಔಷಧಿ ಹೊಡೆಯುವುದು, ಕೊಯ್ಲು, ಕಣದಲ್ಲಿ ಒಣಗಿಸುವುದು ಎಂದು ತೋಟ ವರ್ಷವಿಡೀ ಕೆಲಸ ಕೇಳುತ್ತದೆ. ನಾಟಿಗೂ ಕೊಯ್ಲಿಗೂ ಗದ್ದೆಗಿಳಿಯುವ ವಾರಗಳು ಕಡಿಮೆ. ಹಾಗಾಗಿ ನೀವು ‘ಇತರೆ’. ಕಡೂರು ಕಡೆ ಹತ್ತು ತೆಂಗಿನ ಮರವಿಟ್ಟುಕೊಂಡು ರಾಗಿ ಬೆಳೆಯುವವರು ಇದೇ ಅಳತೆಯಲ್ಲಿ ಸಾಗುವಳಿದಾರರು. ಇನ್ನು ಗದ್ದೆಯನ್ನು ಗೇಣಿಗೋ ಪಾಲಿಗೋ ಕೊಟ್ಟು, ಉಸ್ತುವಾರಿಯನ್ನೂ ನೋಡದೆ ಬೆಂಗಳೂರಿನಲ್ಲಿರುವವರು ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸಾಗುವಳಿದಾರರಾಗುವುದಿಲ್ಲ.

ಈಗ ಬೇಸರ ಕಳೆಯುವ ಮಾತು. ಸಾಗುವಳಿದಾರ, ಕೃಷಿ ಕೂಲಿಕಾರ ಎಂದು ಗುರುತಾದವರ ಉದ್ಯೋಗದ ವಿವರ ಅಷ್ಟಕ್ಕೇ ನಿಲ್ಲುತ್ತದೆ. ಭತ್ತವೋ ಕಬ್ಬೋ, ಗಣತಿಯ ಪಟ್ಟಿಗೆ ಗೊತ್ತಾಗುವುದಿಲ್ಲ. ‘ಇತರೆ’ಯವರಿಗೂ ಗೃಹ ಕೈಗಾರಿಕೆಯವರಿಗೂ ಮಾತ್ರ ಮುಂದೆ ಮೂರು ಕಾಲಂ ತುಂಬಬೇಕು: ಮಾಡುವ ಕೆಲಸ ಏನು, ಆ ಕೆಲಸ ಯಾವ ಉದ್ಯಮದಲ್ಲಿ, ಮತ್ತು ನೀವು ಮಾಲೀಕರೋ, ನೌಕರರೋ, ಒಂಟಿಯಾಗಿ ದುಡಿಯುವವರೋ, ಸಂಬಳವಿಲ್ಲದೆ ಮನೆಯ ಕಸುಬಿಗೆ ಕೈಜೋಡಿಸುವವರೋ. ಕಾಫಿಗೆ ಗಣತಿಯಲ್ಲಿ ಅದರದೇ ಹೆಸರು ಸಿಗುವುದು ಇಲ್ಲಿ. ಕಳೆದುಹೋಗುವುದೂ ಇಲ್ಲೇ, ಏಕೆಂದರೆ ಈ ಕಾಲಂಗಳಿಗೆ ನಾವು ಕೊಡುವ ಉತ್ತರ ಬಹಳ ಸಲ ಒಂದೇ ಪದದ್ದು.

ಮೊದಲ ಎರಡು ಕಾಲಂಗಳ ವ್ಯತ್ಯಾಸ ತಿಳಿದರೆ ಅರ್ಧ ತಪ್ಪು ನಿಲ್ಲುತ್ತದೆ. ಒಬ್ಬರು ‘ರೈಟರ್’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಆಳುಗಳ ಹಾಜರಿ, ಬಟವಾಡೆ ಬರೆಯುವುದು ಅವರ ಕೆಲಸ. ರಾಷ್ಟ್ರೀಯ ಉದ್ಯೋಗ ವರ್ಗೀಕರಣದಲ್ಲಿ ಒಂಬತ್ತು ದೊಡ್ಡ ವಿಭಾಗಗಳಿವೆ. ಈ ಕೆಲಸ ಗುಮಾಸ್ತರ 4ನೇ ವಿಭಾಗಕ್ಕೆ ಸೇರುತ್ತದೆ. ಆದರೆ ಉದ್ಯಮ? ತೋಟದಲ್ಲಿದ್ದರೆ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದ ಕೋಡ್ 0127, ಅಂದರೆ ಕಾಫಿ–ಚಹಾದಂಥ ಪಾನೀಯ ಬೆಳೆಗಳ ಕೃಷಿ. ಚಿಕ್ಕಮಗಳೂರಿನ ಅಥವಾ ಹಾಸನದ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವ ಕಾರ್ಖಾನೆಯಲ್ಲಿದ್ದರೆ, ಅದೇ ವರ್ಗೀಕರಣದ 10ನೇ ವಿಭಾಗದ ಆಹಾರ ತಯಾರಿಕೆ. ಕಾಫಿ ಖರೀದಿಸುವ ಮಂಡಿಯಲ್ಲಿದ್ದರೆ 46ನೇ ವಿಭಾಗದ ಸಗಟು ವ್ಯಾಪಾರ. ‘ರೈಟರ್’ ಎಂದಷ್ಟೇ ಬರೆದ ಹಾಳೆ, ಉತ್ತರಗಳಿಗೆ ಇಂಥ ಕೋಡ್ ಹಾಕುವವರ ಕೈಗೆ ಹೋದರೆ, ಎಲ್ಲೋ ಕೂತ ಅವರಿಗೆ ಇವರು ದಸ್ತಾವೇಜು ಬರೆಯುವವರೋ ಸಾಹಿತಿಯೋ ತಿಳಿಯುವ ದಾರಿಯಿಲ್ಲ. “ಕಾಫಿ ತೋಟದಲ್ಲಿ ಹಾಜರಿ–ಬಟವಾಡೆ ಲೆಕ್ಕ ಬರೆಯುವುದು” ಎಂದು ಪೂರ್ತಿ ಹೇಳಿದರೆ ಎರಡೂ ಕಾಲಂ ಒಟ್ಟಿಗೆ ಸರಿಹೋಗುತ್ತವೆ.

ನಿಮ್ಮ ಮಗನ ವಿಷಯವೂ ಇಷ್ಟೇ. ‘ಡ್ರೈವರ್’ ಎಂದು ನಿಲ್ಲಿಸಬೇಡಿ. 2015ರ ಉದ್ಯೋಗ ವರ್ಗೀಕರಣದಲ್ಲಿ ಕಾರು, ಟ್ಯಾಕ್ಸಿ, ವ್ಯಾನ್ ಚಾಲಕರಿಗೆ 8322, ಲಾರಿಯವರಿಗೆ 8332, ಟ್ರ್ಯಾಕ್ಟರ್‌ನಂಥ ಕೃಷಿ ಯಂತ್ರ ನಡೆಸುವವರಿಗೆ 8341. ಜೊತೆಗೆ ಬಾಡಿಗೆಗೆ ಸರಕು ಸಾಗಿಸುವವರು ಸಾರಿಗೆ ಉದ್ಯಮದವರು. ಒಂದು ತೋಟದ ಸಂಬಳದ ಡ್ರೈವರ್ ಆಗಿದ್ದರೆ ಉದ್ಯಮ ಕಾಫಿ ಕೃಷಿ. ಪಿಕಪ್ ಸ್ವಂತದ್ದಾಗಿ ತಾನೇ ಓಡಿಸುತ್ತಿದ್ದರೆ ಮೂರನೆಯ ಕಾಲಂನಲ್ಲಿ ಒಂಟಿ ಕೆಲಸಗಾರ, ಆಳಿಟ್ಟು ಓಡಿಸಿದರೆ ಮಾಲೀಕ.

ನಿಮ್ಮ ಬಗ್ಗೆ ‘ಪ್ಲಾಂಟರ್’ ಎಂದಷ್ಟೇ ಹೇಳಿದರೂ ಸಾಲದು. ಸ್ವಂತ ತೋಟದಲ್ಲಿ ಕೈಯಾರೆ ದುಡಿಯುವ ಸಣ್ಣ ಬೆಳೆಗಾರರಿಗೆ 6112, ಮರ ಮತ್ತು ಪೊದೆ ಬೆಳೆಗಳ ಬೆಳೆಗಾರರು. ನೂರಾರು ಎಕರೆಯ ಎಸ್ಟೇಟಿನ ಆಡಳಿತ ನೋಡುವ ಮ್ಯಾನೇಜರ್ 1311. ನಾಲ್ಕು ಎಕರೆಯವರು ಪ್ಲಾಂಟರ್ ಎಂಬ ಒಂದೇ ಪದದಿಂದ ಮ್ಯಾನೇಜರುಗಳ ಸಾಲಿಗೆ ಹೋದರೆ ಸಣ್ಣ ಹಿಡುವಳಿಯ ಚಿತ್ರವೇ ಮಸುಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುವ ಉತ್ತರ ‘ಕೂಲಿ’. ಗದ್ದೆ ಕೂಲಿಯಾದರೆ ಕೃಷಿ ಕೂಲಿಕಾರ, ತೋಟದ ಕೂಲಿಯಾದರೆ ಇತರೆ, ಗಾರೆ ಕೆಲಸವಾದರೆ ಇತರೆಯಲ್ಲೇ ಕಟ್ಟಡ ನಿರ್ಮಾಣ. ಒಂದು ಪದ, ಮೂರು ಜಾಗ. 2011ರಲ್ಲಿ ಎಣಿಕೆ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಅದು ರೊಬಸ್ಟಾ ತಳಿಯ ಕಾಫಿ ಕುಯ್ಲಿನ ಕಾಲ. ಮುಂದಿನ ಗಣತಿಯ ಆಧಾರ ದಿನವೂ 2027ರ ಮಾರ್ಚ್ 1. ಆಗ ತೋಟದ ಆಳುಗಳು ಉಳಿಯುವ ಲೈನ್ ಮನೆಗಳಲ್ಲಿ ಬಯಲುಸೀಮೆಯವರು, ಅಸ್ಸಾಂನವರು ತುಂಬಿರುತ್ತಾರೆ. ಎಣಿಕೆಯ ಅವಧಿಯಿಡೀ ಊರು ಬಿಟ್ಟು ಇಲ್ಲೇ ಇರುವವರನ್ನು ಇಲ್ಲೇ ಎಣಿಸಬೇಕು. ಅವರನ್ನು ಕೇಳಿದರೆ “ಕಾಫಿ ಕುಯ್ಯುತ್ತೇವೆ” ಎನ್ನುವುದು ಸಹಜ. ಆದರೆ ಪ್ರಶ್ನೆ ಇರುವುದು ವರ್ಷದ ಬಗ್ಗೆ. ಎರಡು ತಿಂಗಳು ಇಲ್ಲಿ ಕುಯ್ದು ಉಳಿದ ಏಳೆಂಟು ತಿಂಗಳು ತಮ್ಮೂರಲ್ಲಿ ಭತ್ತದ ಗದ್ದೆಗೆ ಹೋಗುವವರ ಮುಖ್ಯ ಕೆಲಸ ಕೃಷಿ ಕೂಲಿಯೇ. ತಿಂಗಳುಗಳನ್ನು ಒಂದೊಂದಾಗಿ ಕೇಳಿ ಕೂಡಿಸದಿದ್ದರೆ ಇನ್ನೊಂದು ತಪ್ಪೂ ಆಗುತ್ತದೆ. ವರ್ಷದಲ್ಲಿ ಒಟ್ಟು ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿಯವರು. ಕಾಫಿಯ ಎರಡು ತಿಂಗಳನ್ನಷ್ಟೇ ಬರೆದರೆ ವರ್ಷವಿಡೀ ಬೆವರು ಸುರಿಸಿದವರು ಅಲ್ಪಾವಧಿಯವರಾಗಿ ಕೂರುತ್ತಾರೆ.

ನಿಮ್ಮ ಪತ್ರದಲ್ಲಿ ನಮಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಹೆಂಡತಿಯ ಕೆಲಸವನ್ನು ನೀವು ಕೆಲಸವೆಂದೇ ಬರೆದದ್ದು. ಬಹುತೇಕ ಮನೆಗಳಲ್ಲಿ ಯಜಮಾನರು “ಅವಳು ಮನೇಲೇ ಇರ್ತಾಳೆ” ಎಂದುಬಿಡುತ್ತಾರೆ, ಗಣತಿದಾರರು ಗೃಹಕೃತ್ಯ ಎಂದು ಬರೆದು ಮುಂದಿನ ಹೆಸರಿಗೆ ಹೋಗುತ್ತಾರೆ. ಸ್ವಂತ ಜಮೀನಿನಲ್ಲಿ, ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವುದೂ ಕೆಲಸವೇ ಎಂಬ ಮಾತನ್ನು 1991ರಲ್ಲಿ ಪ್ರಶ್ನೆಯೊಳಗೇ ಸೇರಿಸಿದ್ದು ಇಂಥ ಲೋಪ ತಪ್ಪಿಸಲೆಂದೇ. 2001ರಿಂದ ಮನೆ ಬಳಕೆಗಷ್ಟೇ ಹಾಲು ಕರೆದರೂ, ಉಣ್ಣುವಷ್ಟೇ ಭತ್ತ ಬೆಳೆದರೂ ಅವರು ಕೆಲಸಗಾರರು. ಅಡುಗೆ, ಮಕ್ಕಳ ಆರೈಕೆ, ನೀರು–ಸೌದೆ ತರುವುದು ಮಾತ್ರ ಗಣತಿಯ ಅರ್ಥದಲ್ಲಿ ಕೆಲಸವಲ್ಲ. ಅದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ, ಆದರೆ ನಿಯಮ ಅದೇ. ನಿಮ್ಮ ಮನೆಯಲ್ಲಿ ಹಸು ವರ್ಷವಿಡೀ ಇದ್ದರೆ ಅವರು ಮುಖ್ಯ ಕೆಲಸಗಾರ್ತಿ. ಹೈನುಗಾರಿಕೆ ಸಾಗುವಳಿಯಲ್ಲ, ಹಾಗಾಗಿ ಅವರೂ ‘ಇತರೆ’. ಕೆಲಸ: ಹಸು ಸಾಕಿ ಹಾಲು ಮಾರುವುದು. ಉದ್ಯಮ: ಪಶುಪಾಲನೆ. ಅದನ್ನು ಅವರೇ ನಡೆಸುತ್ತಿದ್ದರೆ ಒಂಟಿ ಕೆಲಸಗಾರ್ತಿ. ಉತ್ತರವನ್ನು ಅವರ ಬಾಯಿಂದಲೇ ಕೊಡಿಸಿ.

ಸೌಲಭ್ಯದ ಭಯ ಬೇಡ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ನಿಮ್ಮ ಗಣತಿ ಹಾಳೆಯನ್ನು ಬೇರೆಯವರು ತೆಗೆದು ನೋಡುವಂತಿಲ್ಲ, ಸಾಕ್ಷ್ಯವಾಗಿ ಬಳಸುವಂತಿಲ್ಲ. ಪಹಣಿ, ರೇಷನ್ ಕಾರ್ಡು, ಬೆಳೆ ಸಾಲಕ್ಕೂ ಈ ‘ಇತರೆ’ಗೂ ಸಂಬಂಧವಿಲ್ಲ. ‘ಸಾಗುವಳಿದಾರ’ ಎಂದು ಬರೆಸಲು ಒತ್ತಾಯಿಸಿದರೆ ಕಳೆದುಕೊಳ್ಳುವುದು ಕಾಫಿಯ ಲೆಕ್ಕವನ್ನೇ.

ಇಲ್ಲಿ ಹೇಳಿದ್ದು 2011ರ ನಿಯಮ. ಗಣತಿದಾರರು ಬಂದಾಗ ಅವರ ಕೈಪಿಡಿಯಲ್ಲಿರುವುದೇ ಅಂತಿಮ. ಎಸ್ಟೇಟ್ ನಡೆಸುವ ಓದುಗರಲ್ಲಿ ಒಂದು ಕೋರಿಕೆ: ಲೈನ್ ಮನೆಗಳ ವಿವರವನ್ನು ರೈಟರ್ ಹಾಜರಿ ಪುಸ್ತಕ ನೋಡಿ ಒಟ್ಟಿಗೆ ಹೇಳಿ ಮುಗಿಸಬಾರದು. ಆ ಪುಸ್ತಕದಲ್ಲಿ ನಿಮ್ಮ ತೋಟಕ್ಕೆ ಬಂದ ದಿನಗಳಷ್ಟೇ ಇರುತ್ತವೆ. ಕೆಲಸ ಬಿಟ್ಟ ಮೇಲೆ ಸಂಜೆ, ಇಲ್ಲವೇ ಸಂತೆಯ ರಜೆಯ ದಿನ ಬೆಳಿಗ್ಗೆ ಗಣತಿದಾರರನ್ನು ಕರೆಸಿ, ಅಸ್ಸಾಮಿ, ಹಿಂದಿ ಬಲ್ಲ ಒಬ್ಬರನ್ನು ಜೊತೆಗೆ ಕಳಿಸಿ, ಪ್ರತಿ ಮನೆಯವರೂ ತಮ್ಮ ವರ್ಷದ ಲೆಕ್ಕವನ್ನು ತಾವೇ ಹೇಳುವಂತೆ ಮಾಡಿ.