ದಿನಾ ಸೋನಾಮುಖಿ ತಗೊಳ್ಳಬಹುದಾ?

ಪ್ರಶ್ನೆ: ನಮ್ಮ ಅವ್ವನಿಗೆ 62 ವರ್ಷ. ಮಲಬದ್ಧತೆಗೆ ಅಂತ ಮೂರು ತಿಂಗಳಿಂದ ದಿನಾ ರಾತ್ರಿ ಸೋನಾಮುಖಿ ಪುಡಿ ತಗೊಳ್ಳುತ್ತಾರೆ. ಗಿಡಮೂಲಿಕೆ ಅಲ್ವಾ, ಏನೂ ಆಗುವುದಿಲ್ಲ ಅಂತಾರೆ. ಬಿಪಿ ಗುಳಿಗೆಯೂ ಇದೆ.
– ಓದುಗರು, ಗದಗ

ಉತ್ತರ: ಎಲೆಯ ಪುಡಿಯಾದರೂ ಅದು ಔಷಧಿಯೇ. ಅದರಲ್ಲಿರುವ ಸೆನ್ನೊಸೈಡ್ ದೊಡ್ಡ ಕರುಳನ್ನು ಕೆರಳಿಸುತ್ತದೆ, ಅದಕ್ಕೇ ರಾತ್ರಿ ತಗೊಂಡರೆ 6ರಿಂದ 12 ಗಂಟೆಯೊಳಗೆ ಹೊಟ್ಟೆ ಸಾಫ್ ಆಗುತ್ತದೆ. ವೈದ್ಯರನ್ನು ಕೇಳದೆ ಒಂದು ವಾರಕ್ಕಿಂತ ಜಾಸ್ತಿ ಬೇಡ. ಪದೇ ಪದೇ ಭೇದಿಯಾದರೆ ರಕ್ತದಲ್ಲಿನ ಪೊಟ್ಯಾಶಿಯಂ ಎಂಬ ಲವಣಾಂಶ ಇಳಿದು ಸುಸ್ತಾಗಬಹುದು, ಎದೆಬಡಿತ ಏರುಪೇರಾಗಬಹುದು. ಅವ್ವನ ಬಿಪಿ ಗುಳಿಗೆ ಮೂತ್ರ ಹೆಚ್ಚಿಸುವಂಥದ್ದಾದರೆ ಈ ಅಪಾಯ ಇನ್ನೂ ಹೆಚ್ಚು. ಮೂರು ತಿಂಗಳಾಗಿದೆ, ಈ ವಾರವೇ ವೈದ್ಯರಿಗೆ ತೋರಿಸಿ, ಪುಡಿಯ ಪೊಟ್ಟಣವನ್ನೂ ಒಯ್ಯಿರಿ.

ಇಸಬಗೋಲ್ ಇದಕ್ಕಿಂತ ಸೌಮ್ಯ, ಆದರೆ ಎರಡು ಮೂರು ದಿನ ಕಾಯಬೇಕು. ಒಂದು ಚಮಚವನ್ನು ದೊಡ್ಡ ಲೋಟ ನೀರಿಗೆ ಹಾಕಿ ಕೂಡಲೇ ಕುಡಿಯಲಿ. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು, ದಯವಿಟ್ಟು ಇದನ್ನು ಮರೆಯಬೇಡಿ. ಬೇರೆ ಗುಳಿಗೆಗಳಿಗೂ ಇದಕ್ಕೂ 2 ಗಂಟೆ ಅಂತರ ಇರಲಿ. ರೊಟ್ಟಿ ಜೊತೆ ಕಾಳುಪಲ್ಯ, ಹಸಿ ಹಕ್ಕರಕಿ, ಮೆಂತ್ಯೆ ಸೊಪ್ಪು ದಿನಾ ಇರಲಿ.

ಹೊಟ್ಟೆ ಉಬ್ಬಿ, ನೋವು, ವಾಂತಿ ಬಂದು ಗಾಳಿಯೂ ಹೋಗದಿದ್ದರೆ ಯಾವ ಪುಡಿಯನ್ನೂ ಕೊಡಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ ಕಂಡರೂ, ಸುಮ್ನೆ ತೂಕ ಇಳಿಯುತ್ತಿದ್ದರೂ ತಡ ಮಾಡದೆ ತೋರಿಸಿ.